ಕೊಟ್ಟಿಗೆಗೆ ಕಣ್ಣಿಟ್ಟವನು

ತಲೆ ಪೂರಾ ನರೆತ ಮೇಲೂ ಎಲ್ಲರ ಬಾಯಲ್ಲಿ ಅವನು ಸಣ್ಣ ಧಣಿಯೇ. ಅಣ್ಣ ಬದುಕಿದ್ದಾಗ ಅಣ್ಣ ದೊಡ್ಡ ಧಣಿ, ಇವನು ಸಣ್ಣ ಧಣಿ; ಅದಕ್ಕೊಂದು ಅರ್ಥವಿತ್ತು. ಅಣ್ಣ ತೀರಿಕೊಂಡು ಅವನ ಫೋಟೋ ಗೋಡೆ ಏರಿದ ಮೇಲಾದರೂ ತನಗೆ ಬಡ್ತಿ ಸಿಗಬೇಕಿತ್ತಲ್ಲವೇ? ಸಿಗಲಿಲ್ಲ. ದೊಡ್ಡ ಧಣಿಯ ಜಾಗ ಖಾಲಿಯೇ ಉಳಿಯಿತು, ಇವನು ಸಣ್ಣವನಾಗಿಯೇ ಉಳಿದ. ಹಾಲು ಕರೆಯುವ ಹೆಂಗಸರು, ಸಗಣಿ ಬಾಚುವವರು, ಕಡೆಗೆ ಕ್ಯಾನು ಸಾಗಿಸುವ ಲಾರಿಯ ಡ್ರೈವರು ಕೂಡ, ಒಂದಿಷ್ಟೂ ನಾಲಿಗೆ ತಡವರಿಸದೆ ‘ಸಣ್ಣ ಧಣಿ’ ಎನ್ನುತ್ತಿದ್ದರು. ಅವರು ಬೇಕೆಂದೇ ಹಾಗೆ ಕರೆಯುತ್ತಾರೆ ಎಂದು ಅವನಿಗೆ ಗುಮಾನಿ. ಬೇಕೆಂದೇ ಕರೆಯುವಷ್ಟು ಬುದ್ಧಿ ಅವಕ್ಕೆಲ್ಲಿಂದ ಬರಬೇಕು ಎಂಬುದು ಅವನ ಸಮಾಧಾನ.

ಆ ಹೊಟ್ಟೆಯುರಿಯನ್ನು ಅವನು ಹೇಗೋ ನುಂಗಿಕೊಂಡಿದ್ದ. ನುಂಗಲಾಗದ್ದು ಅತ್ತಿಗೆಯ ಹೊಸ ಹುಚ್ಚು. ಕೊಟ್ಟಿಗೆಯೂ ಅದರ ಹಿಂದಿನ ಜಾಗವೂ ಅಣ್ಣನ ಪಾಲಿಗೆ ಬಂದಿದ್ದವು. ಅಣ್ಣನ ನಂತರ ಅತ್ತಿಗೆಗೆ. ಆ ಜಾಗದಲ್ಲಿ ಒಂದು ಸಾಲುಮನೆ. ತಗಡಿನ ಮಾಡು, ಒಂದೊಂದು ಕೋಣೆ, ಬಾಗಿಲ ಮುಂದೆ ಒಂದೊಂದು ಒಲೆ. ಹಾಲು ಕರೆಯುವವರು ಅಲ್ಲಿ ಹುಟ್ಟಿ, ಹೆತ್ತು, ಮುದುಕರಾಗಿ ಹೋಗಿದ್ದರು. ಒಂದು ಬೆಳಿಗ್ಗೆ ಅತ್ತಿಗೆ, ಚಹಾದ ಲೋಟ ಕೆಳಗಿಡುತ್ತಾ, ಆ ಕೋಣೆಗಳನ್ನು ಅವರವರ ಹೆಸರಿಗೇ ಬರೆದುಕೊಡುತ್ತೇನೆ ಎಂದುಬಿಟ್ಟಳು. ಯಾರಿಗೋ ಹಳೇ ಕಂಬಳಿ ಕೊಡುತ್ತೇನೆ ಅಂದ ಹಾಗೆ. ಅದೇ ಜಾಗದಲ್ಲಿ ಶೀತಲ ಗೋದಾಮು ಎಬ್ಬಿಸುವ ನಕ್ಷೆಯನ್ನು ಸಣ್ಣ ಧಣಿ ಆಗಲೇ ಮನಸ್ಸಿನಲ್ಲಿ ಎಷ್ಟೋ ಸಲ ಬಿಡಿಸಿ ಮಡಚಿ ಇಟ್ಟಿದ್ದ.

“ಅತ್ತಿಗೆ, ಇವರಿಗೆ ಬೆರಳು ಕೊಟ್ಟರೆ ಕೈ ನುಂಗ್ತಾರೆ,” ಎಂದ ಆದಷ್ಟು ಮೆಲ್ಲಗೆ.

“ಇಷ್ಟು ವರ್ಷ ಅವರ ಕೈ ನಾವೇ ನುಂಗಿದ್ದೀವಲ್ಲಪ್ಪ,” ಎಂದಳು ಅತ್ತಿಗೆ. “ನಿಮ್ಮಣ್ಣನ ಹಸುಗಳನ್ನ ಮಕ್ಕಳ ಹಾಗೆ ನೋಡ್ಕೊಂಡಿದ್ದಾರೆ. ನನಗೆ ಅಷ್ಟು ಸಾಕು.”

ಅಷ್ಟು ಸಾಕು ಎಂಬ ಆ ಮಾತನ್ನು ಅವನು ಕೋಣೆಗೆ ಒಯ್ದು, ಬಾಗಿಲು ಹಾಕಿಕೊಂಡು, ತಿರುಗಿಸಿ ಮುರುಗಿಸಿ ನೋಡಿದ. ಅತ್ತಿಗೆಯ ಮೆದು ಜಾಗ ಯಾವುದೆಂದು ಅವಳೇ ಬೆರಳಿಟ್ಟು ತೋರಿಸಿದ್ದಳು. ಆಳುಗಳು ಹಾಲು ಕದ್ದರೆ ಅವಳು ನಕ್ಕು ಸುಮ್ಮನಾಗುತ್ತಾಳೆ. ಕೆಲಸ ತಪ್ಪಿಸಿಕೊಂಡರೆ ಏನು ಕಾಯಿಲೆಯೋ ಎಂದು ಮಾತ್ರೆ ಕಳಿಸುತ್ತಾಳೆ. ಆದರೆ ಅವಳ ಹಸುಗಳು ಸತ್ತರೆ? ಅವೇ ಕೈಗಳು ಅವುಗಳನ್ನು ಕೊಂದದ್ದನ್ನು ಅವಳು ತನ್ನ ಕಣ್ಣಾರೆ ಕಂಡರೆ? ಕೋಣೆಗಳನ್ನು ಬರೆದುಕೊಡುವ ಮಾತು ಹಾಗಿರಲಿ, ಸಾಲುಮನೆಯನ್ನು ಅವಳೇ ನಿಂತು ಕೆಡವಿಸುತ್ತಾಳೆ. ಇವನು ಬೇಡ ಬೇಡ ಎಂದು ಕಣ್ಣೊರೆಸಿಕೊಂಡು ಪಕ್ಕದಲ್ಲಿ ನಿಂತರಾಯಿತು.

ಕಣ್ಣಾರೆ ಕಾಣಿಸುವುದು ಹೇಗೆ? ಕಣ್ಣನ್ನು ತಂದು ಕೊಟ್ಟಿಗೆಯಲ್ಲಿ ನೆಟ್ಟರಾಯಿತು. ಈ ಉಪಾಯ ಹೊಳೆದಾಗ ಅವನಿಗೆ ತನ್ನ ಮೇಲೆ ತನಗೇ ಪ್ರೀತಿ ಉಕ್ಕಿತು. ಸಾಕ್ಷಿ ಹೇಳುವ ಮನುಷ್ಯ ಹೆದರುತ್ತಾನೆ, ಮಾತು ಬದಲಿಸುತ್ತಾನೆ, ಹೆಚ್ಚು ಕೇಳುತ್ತಾನೆ. ಕ್ಯಾಮೆರಾ ಏನನ್ನೂ ಕೇಳುವುದಿಲ್ಲ. ವಿಷ ಬೆರೆಸುವವನು ತಾನು, ಅದನ್ನು ತೊಟ್ಟಿಗೆ ಸುರಿಯುವವಳು ಅವಳು, ನೋಡುವುದು ಕ್ಯಾಮೆರಾ. ಅದಕ್ಕೆ ಕಾಣುವುದು ಸುರಿಯುವ ಕೈ ಮಾತ್ರ.

ಅವಳು ಎಂದರೆ ಬಾಯಿಬಡುಕಿ. ಸಾಲುಮನೆಯ ಕೊನೇ ಕೋಣೆಯವಳು. ಉಳಿದ ಹೆಂಗಸರು ಅವಳನ್ನು ಅಕ್ಕ ಎನ್ನುತ್ತಿದ್ದರು. ಬಾಯಿಬಡುಕಿ ಎಂಬುದು ಸಣ್ಣ ಧಣಿ ಇಟ್ಟ ಹೆಸರು, ಮನಸ್ಸಿನೊಳಗೇ ಕರೆಯುತ್ತಿದ್ದ ಹೆಸರು. ಎದುರಿಗೆ ಕರೆಯಲು ತನಗೇನೂ ಅಂಜಿಕೆ ಇಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ವಾರಕ್ಕೊಂದು ರಜೆ ಬೇಕು ಎಂದು ಮೊದಲು ಕೇಳಿದವಳು ಅವಳು. ಬಸುರಿಯರು ಕ್ಯಾನು ಎತ್ತುವುದಿಲ್ಲ ಎಂದು ನೆಲಕ್ಕೆ ಕಾಲೂರಿ ನಿಂತವಳು ಅವಳು. ಅವಳೊಬ್ಬಳು ಜೈಲಿಗೆ ಹೋದರೆ ಉಳಿದವರು ಗಾಳಿಗೆ ಸಿಕ್ಕ ಹೊಟ್ಟಿನಂತೆ ಚೆದುರುತ್ತಾರೆ ಎಂಬುದು ಅವನ ಖಾತರಿ.

ಕೊಟ್ಟಿಗೆ ಮನೆಯಿಂದ ದೂರ, ಹುಲ್ಲುಗಾವಲಿನ ಆಚೆಗೆ ಒಂಟಿಯಾಗಿ ನಿಂತಿತ್ತು. ನಡುವೆ ಕಂಬಗಳ ಮೇಲೆ ಕೂತ ದೊಡ್ಡ ನೀರಿನ ಟ್ಯಾಂಕು. ಕರು ಹಾಕುವ ಹಸುಗಳ ಮೇಲೆ ರಾತ್ರಿಯೆಲ್ಲ ಕಣ್ಣಿಡಬಹುದು, ಅಷ್ಟು ದೂರ ಕತ್ತಲಲ್ಲಿ ನಡೆಯುವುದು ತಪ್ಪುತ್ತದೆ ಎಂದು ಅವನು ಕ್ಯಾಮೆರಾದ ಮಾತೆತ್ತಿದಾಗ ಅತ್ತಿಗೆಯ ಮುಖ ಅರಳಿತು. ಹಸುಗಳ ಬಗ್ಗೆ ಮೈದುನನಿಗೂ ಕೊನೆಗೆ ಕರುಳು ಚುರುಗುಟ್ಟಿತಲ್ಲ ಎಂದು ಅವಳು ಯಾರ ಹತ್ತಿರವೋ ಹೇಳಿದ್ದು ಅವನ ಕಿವಿಗೂ ಬಿತ್ತು. ಅವನಿಗೆ ನಗು ತಡೆದುಕೊಳ್ಳುವುದು ಕಷ್ಟವಾಯಿತು.

ಕ್ಯಾಮೆರಾದವನು ಮಾತಿನ ಮಲ್ಲ. ಬಂದವನೇ ಮನೆಯಿಂದ ಕೊಟ್ಟಿಗೆಗೆ ಒಂದು ಕಾಲುವೆ ತೋಡಿ ಕೇಬಲ್ ಎಳೆದರೆ ಜನ್ಮ ಜನ್ಮಕ್ಕೂ ತೊಂದರೆ ಇಲ್ಲ ಎಂದ. ಮನೆ ಮುಂದಿನ ಹುಲ್ಲುಹಾಸನ್ನು ಅಗೆಯಲು ಸಣ್ಣ ಧಣಿ ಒಪ್ಪಲಿಲ್ಲ. ಅದನ್ನು ಬೆಳೆಸಿದ್ದು ಅತಿಥಿಗಳು ನೋಡಲಿ ಎಂದು. ಹಾಗಾದರೆ ಗಾಳಿಯಲ್ಲೇ ಚಿತ್ರ ಕಳಿಸುವ ಡಬ್ಬಿ ಹಾಕುತ್ತೇನೆ, ಕೊಟ್ಟಿಗೆ ಮೇಲೊಂದು, ಮನೆ ಮೇಲೊಂದು, ಒಂದಕ್ಕೊಂದು ಮುಖ ಕಾಣಬೇಕು ಅಷ್ಟೇ ಎಂದು ಅವನು ಏಣಿ ಹೊತ್ತುಕೊಂಡು ಹೋದ.

ಕ್ಯಾಮೆರಾಗಳು ಎಲ್ಲೆಲ್ಲಿ ಕೂರಬೇಕು ಎಂಬುದನ್ನು ಸಣ್ಣ ಧಣಿ ತಾನೇ ನಿಂತು ಹೇಳಿದ. ದೊಡ್ಡ ಬಾಗಿಲಿಗೆ ಒಂದು. ಸಾಲಾಗಿ ಕಟ್ಟಿದ ಹಸುಗಳ ಬೆನ್ನಿಗೆ ಒಂದು. ಮೇವಿನ ತೊಟ್ಟಿಯ ಉದ್ದಕ್ಕೂ, ಸುರಿಯುವ ಕೈ, ಬಗ್ಗಿದ ಬೆನ್ನು, ತಿನ್ನುವ ಮೂತಿ ಮೂರೂ ಬೀಳುವಂತೆ ಒಂದು. ಮೇವಿನ ಕೋಣೆಗೆ ಮಾತ್ರ ಬೇಡ.

“ಅಲ್ಲಿಗೇ ಬೇಕಾದ್ದು ಸರ್,” ಎಂದ ಕ್ಯಾಮೆರಾದವನು. “ಹಿಂದುಗಡೆ ಬಾಗಿಲಿದೆ. ಕಳ್ಳ ಬಂದ್ರೆ ಅಲ್ಲಿಂದಲೇ ಬರೋದು.”

“ಹಿಂದಿನಿಂದ ಬರೋ ಕಳ್ಳರ ಚಿಂತೆ ನನಗಿಲ್ಲ. ನನ್ನ ಕಳ್ಳರು ಮುಂದಿನ ಬಾಗಿಲಿಂದಲೇ ಬರ್ತಾರೆ, ದಿನಾ ಕೆಲಸಕ್ಕೆ,” ಎಂದ ಸಣ್ಣ ಧಣಿ. ಹೊಟ್ಟಿನ ಧೂಳು ಕ್ಯಾಮೆರಾವನ್ನು ಹಾಳುಮಾಡುತ್ತದೆ ಎಂಬ ಕಾರಣವನ್ನೂ ಸೇರಿಸಿದ. ಕ್ಯಾಮೆರಾದವನು ಹೆಗಲು ಕುಣಿಸಿ ಏಣಿ ಎತ್ತಿಕೊಂಡ.

ಸಂಜೆ ಹೊತ್ತಿಗೆ ಅವನು ಬೆವರೊರೆಸಿಕೊಳ್ಳುತ್ತಾ ಆಫೀಸು ಕೋಣೆಗೆ ಬಂದು, ಟ್ಯಾಂಕು ಅಡ್ಡ ಬರುತ್ತಿದೆ, ಮನೆಗೂ ಕೊಟ್ಟಿಗೆಗೂ ಮುಖ ಕಾಣುತ್ತಿಲ್ಲ ಎಂದು ಶುರುಮಾಡಿದ. “ನಡುವೆ ಇನ್ನೊಂದು ಡಬ್ಬಿ ಇಡಬೇಕಾಗುತ್ತೆ ಸರ್. ಸಾಲುಮನೆಯ ಕೊನೇ ಮಾಡಿನ ಮೇಲೆ ಇಟ್ರೆ ಎರಡು ಕಡೆಗೂ ಸರಿಯಾಗಿ ಕಾಣುತ್ತೆ. ಆ ಅಮ್ಮನ್ನ ಕೇಳ್ದೆ, ಅವರು—”

“ಎಲ್ಲಾದ್ರೂ ಇಡಯ್ಯ. ಬೇಕಾದ್ರೆ ಬಾವಿಯೊಳಗೆ ಇಡು. ನನಗೆ ಚಿತ್ರ ಬಂದ್ರೆ ಆಯ್ತು, ನಿನ್ನ ಪುರಾಣ ಬೇಡ.”

ಕ್ಯಾಮೆರಾದವನು ಪುರಾಣ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆಲ್ಲ ಆಫೀಸಿನ ಪರದೆಯ ಮೇಲೂ ಸಣ್ಣ ಧಣಿಯ ಮೊಬೈಲಿನ ಮೇಲೂ ಕೊಟ್ಟಿಗೆ ಮೂಡಿತು. ಬಿಳಿ ಟ್ಯೂಬ್‌ಲೈಟಿನ ಬೆಳಕು, ಹಸುಗಳ ಸಾಲು, ನೀಲಿ ಕೋಟು ತೊಟ್ಟ ಹೆಂಗಸರ ಬಗ್ಗಿದ ಬೆನ್ನುಗಳು. ತಲೆಗೆ ಕೆಂಪು ಬಟ್ಟೆ ಕಟ್ಟಿದವಳು ಬಾಯಿಬಡುಕಿ; ಅದಿಲ್ಲದಿದ್ದರೆ ಯಾವ ಬೆನ್ನು ಯಾರದೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಕೊಟ್ಟಿಗೆಯಲ್ಲಿ ಕೆಲವು ದಿನ ಕ್ಯಾಮೆರಾದ್ದೇ ತಮಾಷೆ. ಇನ್ನು ಹಸು ಬಾಲ ಎತ್ತಬೇಕಾದರೂ ಆ ಕಡೆ ಈ ಕಡೆ ನೋಡಿಕೊಳ್ಳಬೇಕು ಎಂದು ಒಬ್ಬಳು. ತನ್ನ ಗಂಡ ಮೂವತ್ತು ವರ್ಷದಲ್ಲಿ ಇಷ್ಟು ಹೊತ್ತು ತನ್ನನ್ನು ನೋಡಿರಲಿಲ್ಲ ಎಂದು ಇನ್ನೊಬ್ಬಳು. ಸಣ್ಣ ಧಣಿ ಒಮ್ಮೆ ಬಾಗಿಲಲ್ಲಿ ನಿಂತಾಗ ಬಾಯಿಬಡುಕಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು.

“ನಮ್ಮನ್ನ ನೋಡೋಕೆ ಇಷ್ಟೆಲ್ಲ ಯಾಕೆ ಸಣ್ಣ ಧಣಿ? ಇಷ್ಟು ವರ್ಷ ನಿಮ್ಮ ಕಣ್ಣೆದುರಿಗೇ ಇದ್ವಲ್ಲ, ಒಂದು ದಿನಾನೂ ನೋಡ್ಲಿಲ್ಲ.”

ಉಳಿದವರು ಕಿಸಕ್ಕೆಂದರು. ನಗಲಿ, ಇನ್ನೆಷ್ಟು ದಿನ ಎಂದುಕೊಂಡ. ಹುಳ ತಾನು ಬಲೆಯಲ್ಲಿದ್ದೇನೆಂದು ತಿಳಿಯದೆ ಜೇಡನನ್ನು ಅಣಕಿಸಿದ ಹಾಗೆ ಕಂಡಿತು ಅವನಿಗೆ.

ಉಳಿದದ್ದನ್ನು ಅವನು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಹೊಂದಿಸಿದ. ಮೇವಿನ ಕೋಣೆಯಲ್ಲಿ ಒಂದು ನೀಲಿ ಡ್ರಮ್ಮು. ಅದರಲ್ಲಿ ಹಸುಗಳಿಗೆ ಕೊಡುವ ಖನಿಜ ಪುಡಿ. ಅದನ್ನು ಬೆಳಗಿನ ಮೇವಿಗೆ ಮಾತ್ರ ಬೆರೆಸುವುದು, ಸಂಜೆಗೆ ಬರೀ ಹಿಂಡಿ. ಪುಡಿಯನ್ನು ಬೋಗುಣಿಯಲ್ಲಿ ತಂದು ತೊಟ್ಟಿಗೆ ಉದುರಿಸುವುದು ಯಾವಾಗಲೂ ಬಾಯಿಬಡುಕಿಯೇ. ಬೇರೆಯವರ ಕೈ ಅಳತೆಯನ್ನು ಅವಳು ನಂಬುತ್ತಿರಲಿಲ್ಲ. ಅವಳ ಹೆಮ್ಮೆಯೇ ಅವಳ ಕೊರಳಿಗೆ ಹಗ್ಗ ಎಂದು ನೆನೆದು ಅವನಿಗೆ ಕಚಗುಳಿಯಾಯಿತು.

ಅತ್ತಿಗೆ ಮಗಳ ಮನೆಗೆ ಹೋದಳು, ಮಾರನೆಯ ದಿನ ಮಧ್ಯಾಹ್ನಕ್ಕೆ ಬರುತ್ತೇನೆಂದು ಹೇಳಿ. ಅದಕ್ಕೇ ಕಾದಿದ್ದ ಅವನು, ಮಧ್ಯಾಹ್ನ ಎಲ್ಲರೂ ಊಟ ಮಾಡಿ ಕಾಲು ಚಾಚಿದ ಹೊತ್ತಿಗೆ, ಹಿಂದಿನ ಬಾಗಿಲಿನಿಂದ ಮೇವಿನ ಕೋಣೆಗೆ ಹೊಕ್ಕ. ಕೈಗೆ ರಬ್ಬರ್ ಗವಸು. ಬಗಲಲ್ಲಿ ಬಿಳಿ ಪುಡಿಯ ಪೊಟ್ಟಣ. ಬಣ್ಣವಿಲ್ಲ, ವಾಸನೆಯಿಲ್ಲ, ದೂರದ ಪೇಟೆಯಲ್ಲಿ ಬೇರೆ ಯಾವುದೋ ಕಾರಣ ಹೇಳಿ ತಂದದ್ದು. ಡ್ರಮ್ಮಿನ ಮುಚ್ಚಳ ತೆಗೆದು, ಸುರಿದು, ಕೋಲಿನಿಂದ ಚೆನ್ನಾಗಿ ತಿರುವಿದ. ಗೋಡೆಯಾಚೆ ಹಸುಗಳು ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಅಣ್ಣ ಹೆಸರಿಟ್ಟು ಕರೆಯುತ್ತಿದ್ದ ಹಸುಗಳು. ಒಂದು ಗಳಿಗೆ ಅವನ ಕೈ ನಿಂತಿತು ಎಂದು ಯಾರಾದರೂ ಅಂದುಕೊಂಡರೆ ಅದು ಅವರ ಒಳ್ಳೆಯತನ. ನಿಂತದ್ದು ಸೀನು ಬಂದದ್ದಕ್ಕೆ. ಅವನು ಸೀನನ್ನು ತಡೆದುಕೊಂಡ. ಸೀನಿನ ಸದ್ದೂ ಸಾಕ್ಷಿಯಾಗಬಾರದು. ಪೊಟ್ಟಣವನ್ನೂ ಗವಸನ್ನೂ ಕೋಲನ್ನೂ ನೀರು ಕಾಯಿಸುವ ಒಲೆಗೆ ಹಾಕಿದ.

ಇನ್ನು ಬೇಕಾದದ್ದು ಒಂದು ದ್ವೇಷ. ಕೈ ಕಂಡರೆ ಸಾಲದು, ಕೈಗೆ ಸಿಟ್ಟಿನ ಕಾರಣವೂ ಬೇಕು ಎಂಬುದು ಅವನಿಗೆ ಗೊತ್ತಿತ್ತು. ಆ ಸಿಟ್ಟನ್ನು ತಾನೇ ಬಿತ್ತಿ ಬೆಳೆಸಲು ಅವನು ಆರಿಸಿದ್ದು ಸಾಲುಮನೆಯ ಕರೆಂಟು. ಅವರ ದೀಪಗಳಿಗೆ ಹೋಗುವ ತಂತಿಯ ಫ್ಯೂಸು ಪಂಪ್‌ಹೌಸಿನ ಗೋಡೆಯ ಮೇಲಿತ್ತು, ಕೊಟ್ಟಿಗೆಯದು ಬೇರೆ. ಅಣ್ಣ ಹಾಕಿಸಿಕೊಟ್ಟ ತಂತಿ. ಸಂಜೆ ಹೆಂಗಸರೆಲ್ಲ ಕೊಟ್ಟಿಗೆಯಲ್ಲಿ ಹಿಂಡಿ ಹಾಕುತ್ತಿದ್ದಾಗ ಅವನು ಪಂಪ್‌ಹೌಸಿಗೆ ಹೋಗಿ, ಬಿಳಿ ಪಿಂಗಾಣಿಯ ಆ ಫ್ಯೂಸನ್ನು ಕಿತ್ತು, ಯಾರೂ ಮತ್ತೆ ಸಿಕ್ಕಿಸದಿರಲಿ ಎಂದು ಕೋಟಿನ ಜೇಬಿಗೆ ಇಳಿಬಿಟ್ಟ. ಸಾಲುಮನೆಯ ಕಿಟಕಿಗಳು ಒಟ್ಟಿಗೇ ಕಣ್ಣು ಮುಚ್ಚಿದವು. ಎಲ್ಲೋ ಒಂದು ಕೂಸು ಅತ್ತಿತು.

ಅವರು ಬಂದೇ ಬರುತ್ತಾರೆಂದು ಅವನು ಗುಮಾಸ್ತನನ್ನು ಆಫೀಸಿನಲ್ಲೇ ಉಳಿಸಿಕೊಂಡಿದ್ದ, ಕೇಳಿಸಿಕೊಳ್ಳುವ ಕಿವಿಯೊಂದು ಬೇಕಲ್ಲ. ಕೆಲಸ ಮುಗಿಸಿ, ಕೈಯ ಹಿಂಡಿಯನ್ನೂ ತೊಳೆಯದೆ, ಹೆಂಗಸರು ಮೆಟ್ಟಿಲ ಕೆಳಗೆ ನಿಂತರು. ದೀಪ ಹೋಗಿದೆ, ಮಕ್ಕಳು ಕತ್ತಲಲ್ಲಿವೆ ಎಂದು ಬಾಯಿಬಡುಕಿ ನೆಟ್ಟಗೆ ಹೇಳಿದಳು.

“ದೀಪ ಹೋಗಿಲ್ಲ, ನಾನೇ ತೆಗೆದೆ,” ಎಂದ ಅವನು. “ಅದು ನಮ್ಮಣ್ಣ ಮಾಡಿದ ದಾನ. ಅಣ್ಣ ಹೋದ, ದಾನವೂ ಹೋಯ್ತು. ಹಸುಗಳಿಗೆ ಬೆಳಕಿದೆ, ನಿಮಗೆ ಯಾತಕ್ಕೆ?”

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಇನ್ನೂ ಹಿತವಾಗಿರುತ್ತಿತ್ತು. “ಅಮ್ಮಾವರಿಗೆ ಇದು ಗೊತ್ತಾ?” ಎಂದು ಮಾತ್ರ ಕೇಳಿದಳು.

“ಅಮ್ಮಾವರು ಇಲ್ಲ. ನಾನಿದ್ದೀನಿ.”

“ಆಯ್ತು ಬಿಡಿ ಸಣ್ಣ ಧಣಿ. ಬೆಳಗಾಗಲಿ. ಇದಕ್ಕೆ ಏನು ಮಾಡಬೇಕೋ ಮಾಡ್ತೀವಿ.”

ಅವರು ತಿರುಗಿ ಕತ್ತಲಿಗೆ ಹೋದರು. ಸಣ್ಣ ಧಣಿ ಗುಮಾಸ್ತನ ಕಡೆ ನೋಡಿ, ಕೇಳಿಸಿತೇನಯ್ಯ ಎಂದ. ಕೇಳಿಸಿತು ಧಣಿ ಎಂದ ಗುಮಾಸ್ತ. ‘ಸಣ್ಣ’ ಬಿಟ್ಟು ಕರೆಯುವವನು ಊರಿಗೆಲ್ಲ ಅವನೊಬ್ಬನೇ. ಅದಕ್ಕೇ ಅವನ ಕೆಲಸ ಉಳಿದಿತ್ತು. ಬೆದರಿಕೆ ಹಾಕುವುದಕ್ಕೂ ಒಂದು ಜಾಣತನ ಬೇಕು, ಇವಳು ಸಾಕ್ಷಿಯ ಮುಂದೆಯೇ ತನ್ನ ಗೋರಿ ತಾನೇ ತೋಡಿಕೊಂಡಳು ಎಂದು ಸಣ್ಣ ಧಣಿ ಹಾಸಿಗೆಯಲ್ಲಿ ಹೊರಳಿ ಹೊರಳಿ ಸವಿದ. ಆಮೇಲೆ ಕೂಸಿನ ಹಾಗೆ ನಿದ್ದೆ ಮಾಡಿದ.

ಬೆಳಿಗ್ಗೆ ಎದ್ದವನೇ ಆಫೀಸಿನ ಪರದೆಗೆ ಒಂದು ಕಣ್ಣು ಹಾಯಿಸಿದ. ಬಿಳಿ ಬೆಳಕು, ಹಸುಗಳು, ತೊಟ್ಟಿಯ ಮೇಲೆ ಬಗ್ಗಿದ ನೀಲಿ ಕೋಟು, ಕೆಂಪು ಬಟ್ಟೆ. ಆಗಲೇ ಬಂದುಬಿಟ್ಟಿದ್ದಾಳೆ, ಅದೆಷ್ಟು ಅವಸರ ನೇಣಿಗೆ ಎಂದುಕೊಂಡು ಕೋಟು ತೊಟ್ಟು ಹೊರಟ.

ಅವನ ಯೋಜನೆಯ ಮುಕುಟಮಣಿ ಇದ್ದದ್ದೇ ಇಲ್ಲಿ. ಹಸು ಬಿತ್ತು ಎಂದು ಯಾರೋ ಓಡಿಬಂದು ಹೇಳುವವರೆಗೆ ಮನೆಯಲ್ಲಿ ಕೂತಿರುವುದು ದಡ್ಡರ ಕೆಲಸ. ಅಷ್ಟರಲ್ಲಿ ಹೆಂಗಸರು ಅಳುತ್ತಾ ಕರೆಯುತ್ತಾ ತೊಟ್ಟಿ ತೊಳೆದುಬಿಟ್ಟರೆ? ಅತ್ತಿಗೆ ಬೇಗ ಬಂದು, ಪಾಪ, ಇವರೇನು ಮಾಡಿಯಾರು ಎಂದುಬಿಟ್ಟರೆ? ಮೊದಲ ದೂರು ತನ್ನದಾಗಬೇಕು. ತಾನು ಕೊಟ್ಟಿಗೆಯಿಂದ ದೂರ, ನಾಲ್ಕು ಜನರ ನಡುವೆ ಇರಬೇಕು. ಅಪರಾಧವನ್ನು ತಾನೇ ಮೊದಲು, ಮೊಬೈಲಿನಲ್ಲಿ, ಎಲ್ಲರೆದುರು ಕಾಣಬೇಕು. ಪೇಟೆಯಲ್ಲಿ ಪೊಲೀಸ್ ಠಾಣೆಯ ಎದುರಿಗೇ ಒಂದು ಕ್ಷೌರದಂಗಡಿ ಇತ್ತು. ಅದನ್ನು ಅವನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಅರ್ಧ ಕ್ಷೌರವಾದ ಮುಖದಲ್ಲಿ, ಕೆನ್ನೆಯ ನೊರೆಯೊಂದಿಗೆ ಠಾಣೆಗೆ ನುಗ್ಗುವವನನ್ನು ಯಾವ ಪೊಲೀಸಿನವನು ಅನುಮಾನಿಸಿಯಾನು? ಕೊಲೆಗಾರ ಪೂರ್ತಿ ಕ್ಷೌರ ಮಾಡಿಸಿಕೊಂಡೇ ಬರುತ್ತಾನೆ ಎಂದು ತನ್ನ ಮಾತಿಗೆ ತಾನೇ ತಲೆದೂಗಿದ್ದ.

ಕ್ಷೌರದವನು ಅವನ ಕನ್ನಡಕ ತೆಗೆದು ಕನ್ನಡಿಯ ಮುಂದಿಟ್ಟು, ಕೊರಳಿಗೆ ಬಿಳಿ ಬಟ್ಟೆ ಸುತ್ತಿ, ನೊರೆ ಹಚ್ಚತೊಡಗಿದ. ಕಾದು ಕೂತ ಒಂದಿಬ್ಬರು ಹಳೇ ಪತ್ರಿಕೆ ತಿರುವುತ್ತಿದ್ದರು. ಸಣ್ಣ ಧಣಿ ಬಟ್ಟೆಯಡಿಯಿಂದ ಕೈ ಹೊರಗೆ ತೆಗೆದು ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಹಿಡಿದ.

“ಫೋಟೋ ಚೆನ್ನಾಗಿ ಬಂದಿದೆ ಸ್ವಾಮಿ,” ಎಂದ ಕ್ಷೌರದವನು, ಬಗ್ಗಿ ನೋಡಿ.

“ಫೋಟೋ ಅಲ್ಲವಯ್ಯ. ನನ್ನ ಕೊಟ್ಟಿಗೆ. ಈಗ, ಈ ಗಳಿಗೆಯಲ್ಲಿ ನಡೀತಿರೋದು. ಇಲ್ಲಿ ಕೂತು ಅಲ್ಲಿ ಯಾರು ಏನು ಮಾಡ್ತಿದ್ದಾರೆ ಅಂತ ನೋಡಬಹುದು.”

“ಆ ಯಮ್ಮ ಬಗ್ಗಿದೋರು ಬಗ್ಗಿದಂಗೇ ಇದ್ದಾರಲ್ಲ?”

“ಬಗ್ಗೋದೇ ಅವರ ಕೆಲಸ,” ಎಂದ ಸಣ್ಣ ಧಣಿ. ಅಂಗಡಿಯಲ್ಲಿ ಯಾರೋ ನಕ್ಕರು. ಅವನಿಗೆ ಖುಷಿಯಾಯಿತು; ಈ ನಗುವೂ ನಾಳೆ ಸಾಕ್ಷಿ ಹೇಳುತ್ತದೆ.

ಕತ್ತಿ ಒಂದು ಕೆನ್ನೆಯನ್ನು ಮುಗಿಸಿತು. ಅವನು ಮೊಬೈಲನ್ನು ಕಣ್ಣಿನ ಹತ್ತಿರ ತಂದ. ಕನ್ನಡಕವಿಲ್ಲದೆ ಎಲ್ಲವೂ ಮಂಜು ಮಂಜು. ಮೂಲೆಯ ಚಿಕ್ಕ ಅಂಕಿಗಳು ಇರುವೆಗಳಂತೆ ಕಂಡವು. ಆದರೂ ಬೇಕಾದದ್ದು ಕಂಡಿತು. ಸಾಲಿನ ಕೊನೆಯಲ್ಲಿ ಕಂದು ಹಸು ನೆಲಕ್ಕೆ ಬಿದ್ದುಕೊಂಡಿತ್ತು. ಶುರುವಾಯಿತು. ಹಸುಗಳ ಮನೆಯಲ್ಲಿ ಹುಟ್ಟಿ, ಹಸುಗಳ ಹಾಲಿನಲ್ಲಿ ಬೆಳೆದು ಮುದುಕನಾಗುತ್ತಿದ್ದ ಅವನಿಗೆ, ಹೊಟ್ಟೆ ತುಂಬಿದ ಹಸು ಮಲಗಿ ಮೆಲುಕು ಹಾಕುತ್ತದೆ ಎಂಬುದು ಆಗ ನೆನಪಿಗೆ ಬರಲಿಲ್ಲ. ಸತ್ತ ಹಸುವನ್ನೇ ಕಾಯುತ್ತಿದ್ದವನಿಗೆ ಮಲಗಿದ ಹಸು ಸತ್ತಂತೆಯೇ ಕಂಡಿತು.

ಅವನು ಕಿಟಾರನೆ ಕಿರುಚಿ, ಕುರ್ಚಿಯಿಂದ ಹಾರಿ, ಕೊರಳ ಬಟ್ಟೆಯ ಸಮೇತ ರಸ್ತೆ ದಾಟಿದ. ಕ್ಷೌರದವನು ಕತ್ತಿ ಹಿಡಿದುಕೊಂಡೇ ಬಾಗಿಲವರೆಗೆ ಓಡಿಬಂದ. ಎಲ್ಲ ಅಂದುಕೊಂಡಂತೆಯೇ. ಠಾಣೆಯ ಮೊದಲ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಮೇಜಿನ ಹಿಂದೆ ಕೂತು ಏನನ್ನೋ ಬರೆಯುತ್ತಿದ್ದ. ಮಾತು ಕಡಿಮೆಯ ಮನುಷ್ಯ. ತಲೆ ಎತ್ತಿ, ನೊರೆಯನ್ನು ನೋಡಿ, ಕುರ್ಚಿ ತೋರಿಸಿದ.

ಸಣ್ಣ ಧಣಿ ಕೂರಲಿಲ್ಲ. ಉಸಿರು ಕಟ್ಟುತ್ತಾ, ಕಟ್ಟಿದ ಉಸಿರಿನ ನಡುವೆ ಒಂದು ಅಕ್ಷರವನ್ನೂ ಮರೆಯದೆ, ಕಲಿತ ಪಾಠವನ್ನೆಲ್ಲ ಒಪ್ಪಿಸಿದ. ತನ್ನ ಕೊಟ್ಟಿಗೆಯ ಹೆಂಗಸೊಬ್ಬಳು, ಕೊನೇ ಕೋಣೆಯವಳು, ಕೆಂಪು ಬಟ್ಟೆಯವಳು, ನಿನ್ನೆ ಸಂಜೆ ಗುಮಾಸ್ತನ ಎದುರೇ ಬೆದರಿಕೆ ಹಾಕಿದ್ದಳು. ಇವತ್ತು ಹಸುಗಳಿಗೆ ವಿಷ ಹಾಕುತ್ತಿದ್ದಾಳೆ. ಈಗ ತಾನೇ, ಈ ಮೊಬೈಲಿನಲ್ಲಿ, ಅವಳು ನೀಲಿ ಡ್ರಮ್ಮಿನ ಖನಿಜ ಪುಡಿಯನ್ನು ತೊಟ್ಟಿಗೆ ಸುರಿದದ್ದನ್ನು ತಾನು ಕಣ್ಣಾರೆ ಕಂಡಿದ್ದಾನೆ. ತಿಂದ ಹಸು ಆಗಲೇ ಬಿದ್ದಿದೆ.

“ಆ ಡ್ರಮ್ಮಲ್ಲೇ ಇರೋದು ಸಾರ್ ವಿಷ. ಅವಳು ತೊಳೆದುಬಿಡೋ ಮೊದಲು ಅದನ್ನ ಹಿಡೀರಿ.”

ಇನ್ಸ್‌ಪೆಕ್ಟರ್ ಆತುರ ತೋರಿಸಲಿಲ್ಲ. ಇನ್ನೊಮ್ಮೆ ಹೇಳಿಸಿ, ಹೇಳಿದಂತೆಯೇ ಬರೆಸಿ, ಸಹಿ ಹಾಕಿಸಿಕೊಂಡ. ಸಣ್ಣ ಧಣಿ ಠೀವಿಯಿಂದ ಸಹಿ ಹಾಕಿದ. ನೊರೆಯ ಒಂದು ಹನಿ ಕಾಗದದ ಮೇಲೆ ಬಿತ್ತು. ಇನ್ಸ್‌ಪೆಕ್ಟರ್ ಮೊಬೈಲನ್ನು ಇಸಿದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದ.

“ಈ ತೊಟ್ಟಿ ಹತ್ರ ಬಗ್ಗಿರೋರೇ ತಾನೆ? ಕೆಂಪು ಬಟ್ಟೆಯವರು?”

“ಅವಳೇ. ನಾನು ಎಲ್ಲಿ ಬೇಕಾದ್ರೂ ಪ್ರಮಾಣ ಮಾಡ್ತೀನಿ.”

“ಈಗ ಕೊಟ್ಟಿಗೆಯಲ್ಲಿದ್ದಾರೆ.”

“ಈಗ, ಈ ಗಳಿಗೆ.”

“ಬನ್ನಿ,” ಎಂದ ಇನ್ಸ್‌ಪೆಕ್ಟರ್, ಒಳಗಿನ ಕೋಣೆಯ ಬಾಗಿಲು ತಳ್ಳುತ್ತಾ.

ಗೋಡೆಯುದ್ದಕ್ಕೂ ಹಾಕಿದ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಒಗೆದ ಬಟ್ಟೆ, ಬಾಚಿದ ತಲೆ. ಯಾರಿವರು ಎಂದು ಅವನು ಒಂದು ಗಳಿಗೆ ಗುರುತು ಹಿಡಿಯಲಾಗದೆ ನಿಂತ. ಕೂತವರನ್ನೂ, ನೇರ ಬೆನ್ನಿನವರನ್ನೂ, ಮುಖವಿದ್ದವರನ್ನೂ ಅವನು ಕಂಡವನಲ್ಲ. ಆಮೇಲೆ ಅವರ ನಡುವೆ ಅತ್ತಿಗೆಯನ್ನು ಕಂಡ. ಅತ್ತಿಗೆಯ ಪಕ್ಕದಲ್ಲಿ, ಮಡಿಲಲ್ಲಿ ಕೈ ಕಟ್ಟಿಕೊಂಡು, ಕೆಂಪು ಬಟ್ಟೆಯಿಲ್ಲದ ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು ಬಾಯಿಬಡುಕಿ ಅವನನ್ನೇ ನೋಡುತ್ತಿದ್ದಳು.

“ಬೆಳಿಗ್ಗೆ ನಾನು ಬಂದಾಗಿನಿಂದ ಇವರು ಇಲ್ಲೇ ಇದ್ದಾರೆ. ಕರೆಂಟು ಕಿತ್ತದ್ದಕ್ಕೆ ದೂರು ಕೊಡೋಕೆ ಬಂದೋರು,” ಎಂದ ಇನ್ಸ್‌ಪೆಕ್ಟರ್. “ನಾನು ಬರೀತಿದ್ದದ್ದು ಅದೇ.”

ಬೆಳಗಾಗಲಿ, ಏನು ಮಾಡಬೇಕೋ ಮಾಡ್ತೀವಿ ಎಂದದ್ದು ಇದನ್ನೇ. ಹಾಲು ಕರೆದು, ಹಸುಗಳ ಮುಂದೆ ಒಂದಿಷ್ಟು ಹುಲ್ಲು ಎಳೆದು ಹಾಕಿ, ಹಿಂಡಿ ಪುಡಿಯೆಲ್ಲ ಹಿಂದಿರುಗಿದ ಮೇಲೆ ಎಂದು ಹೊರಟವರು. ಫೋನಿನಲ್ಲಿ ಸುದ್ದಿ ಕೇಳಿದ ಅತ್ತಿಗೆ ಮಗಳ ಮನೆಯಿಂದ ನೆಟ್ಟಗೆ ಇಲ್ಲಿಗೇ ಬಂದು ಇಳಿದವಳು. ಹಾಗಾದರೆ ನೀಲಿ ಡ್ರಮ್ಮಿನ ಮುಚ್ಚಳವನ್ನು ಇವತ್ತು ಯಾರೂ ತೆಗೆದಿರಲಿಲ್ಲ. ಅದರಲ್ಲಿ ವಿಷವಿದೆ ಎಂಬುದು ಈ ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಅವನು ಈಗ ತಾನೇ ಸಹಿ ಹಾಕಿ ಅದನ್ನು ಬರೆದುಕೊಟ್ಟಿದ್ದ. ಹೊರಗೆ ಪೇದೆಯೊಬ್ಬ ಜೀಪು ಚಾಲೂ ಮಾಡಿದ ಸದ್ದು ಕೇಳಿಸಿತು.

“ಆದ್ರೆ ನಾನು ನೋಡ್ದೆ,” ಎಂದ ಸಣ್ಣ ಧಣಿ, ಇನ್ಸ್‌ಪೆಕ್ಟರನ ಕೈಯಲ್ಲಿದ್ದ ಮೊಬೈಲನ್ನು ತೋರಿಸುತ್ತಾ. ಅದೊಂದು ಮಾತಿನಲ್ಲಿ ಮಾತ್ರ ಅವನಿಗೆ ನಿಜವಾಗಿಯೂ ನಂಬಿಕೆಯಿತ್ತು. “ನೋಡಿ ಅತ್ತಿಗೆ, ಈಗಲೂ ಇದ್ದಾಳೆ ಇದರಲ್ಲಿ, ಈಗಲೂ ಬಗ್ಗಿದ್ದಾಳೆ.”

ಅತ್ತಿಗೆ ಮೊಬೈಲನ್ನು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಅವನನ್ನು, ಹಸು ಮೆಟ್ಟಿದ ಸಗಣಿಯನ್ನು ನೋಡುವ ಹಾಗೆ.

ಒಣಗುತ್ತಿದ್ದ ನೊರೆ ಕೆನ್ನೆಯನ್ನು ಜಗ್ಗತೊಡಗಿತ್ತು. ಒರೆಸಿಕೊಳ್ಳಲು ಅವನು ಕೋಟಿನ ಜೇಬಿನಿಂದ ಕರವಸ್ತ್ರ ಎಳೆದ. ಅದರ ಜೊತೆ ಬಿಳಿ ಪಿಂಗಾಣಿಯ ಫ್ಯೂಸು ಟಣ್ಣೆಂದು ನೆಲಕ್ಕೆ ಬಿದ್ದು ಉರುಳಿ ಬೆಂಚಿನ ಕೆಳಗೆ ನಿಂತಿತು. ಬಾಯಿಬಡುಕಿ ಬಗ್ಗಲಿಲ್ಲ, ಅದನ್ನು ಕಾಲಿನಿಂದ ಇನ್ಸ್‌ಪೆಕ್ಟರನ ಕಡೆಗೆ ಸರಿಸಿದಳು. ಆಮೇಲೆ ಕೈ ಚಾಚಿ ಮೊಬೈಲನ್ನು ಇಸಿದುಕೊಂಡು ತನ್ನ ಬೆನ್ನನ್ನು ತಾನೇ ಒಮ್ಮೆ ನೋಡಿದಳು. “ಇದು ನಿನ್ನೆ ಸಂಜೆಯದು ಸಾರ್, ಹಿಂಡಿ ಹಾಕ್ತಿದ್ದಾಗಿನದು,” ಎಂದಳು. “ಕೊಟ್ಟಿಗೆಯಿಂದ ಚಿತ್ರ ಕಳಿಸೋ ಡಬ್ಬಿ ನಮ್ಮ ಮಾಡಿನ ಮೇಲಿದೆ. ಅದಕ್ಕೆ ಕರೆಂಟು ಬೇಕು, ನಿಮ್ಮ ಗೋಡೆಯ ಪ್ಲಗ್ಗಿಗೆ ಸಿಕ್ಕಿಸ್ಲಾ ಅಂತ ಕ್ಯಾಮೆರಾದೋರು ಕೇಳಿದ್ರು, ಸಿಕ್ಕಿಸ್ಕೊಳ್ಳಪ್ಪ ಅಂದೆ. ಸಣ್ಣ ಧಣಿ ಫ್ಯೂಸು ಕಿತ್ತ ಗಳಿಗೆಯಿಂದ ಅವರು ನೋಡ್ತಿರೋದು ಇದೊಂದನ್ನೇ.”